ಧರ್ಮದರ್ಶಿ ಜಾನ್ ಪೋಸ್ಟೆಲ್

ಅಧಿಕಾರವು ಸತ್ಪುರುಷನೊಬ್ಬನ ಕೈಯಲ್ಲಿದ್ದರೆ ಸಾಕು, ನಿಯಮಗಳ ನಿರ್ಬಂಧವೇಕೆ ಎಂಬುದು ಬಹುಜನರ ಭಾವನೆ. ಈ ಭಾವನೆಯು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಅರಿಯಲಪೇಕ್ಷಿಸುವ ವಾಚಕರು ಅಮೆರಿಕಾ ದೇಶದ ದಿವಂಗತ ಜಾನ್ ಪೋಸ್ಟೆಲ್‌ರವರ ಜೀವಿತವನ್ನು ಪರ್ಯಾಲೋಚಿಸಬೇಕು.

ಪೋಸ್ಟೆಲ್‌ರವರು 1943ನೆಯ ಇಸವಿ ಆಗಸ್ಟ್ 6ನೆಯ ತಾರೀಖು ಕ್ಯಾಲಿಫೋರ್ನಿಯಾ ಸಂಸ್ಥಾನದ ಆಲ್ಟಡೀನಾದಲ್ಲಿ ಜನಿಸಿದರು. ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗಮಾಡಿ 1974ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ವಿದ್ಯಾರ್ಥಿದೆಸೆಯಲ್ಲಿಯೇ, 1969ರಲ್ಲಿ, ಇಂದಿನ ಅಂತರ್ಜಾಲಕ್ಕೆ ಮೂಲವಾದ ಅರ್ಪಾನೆಟ್ ಜಾಲದ ಕಾರ್ಯದಲ್ಲಿ ಸೇರಿದರು. ಜಾಲದ ಸಂಖ್ಯೆಗಳು ಒಂದಕ್ಕೊಂದು ತೊಡಕಾಗದಂತೆ ಲೆಕ್ಕವಿಡುವ ಶಾನುಭೋಗಿಕೆಯನ್ನು ವಹಿಸಿಕೊಂಡರು. ಜಾಲದ ನಿಯಮಗಳ ಕರಡುಗಳನ್ನು ತಿದ್ದಿ, ಯಾರು ಬೇಕಾದರೂ ಓದಿ ಆಕ್ಷೇಪಿಸಬಹುದಾದಂತೆ ಪ್ರಕಟಿಸುವ ಸಂಪಾದಕತ್ವವನ್ನೂ ಮರಣಪರ್ಯಂತ ನಿರ್ವಹಿಸಿದರು.

ಸಂಖ್ಯೆಗಳನ್ನು ನೆನಪಿಡುವ ಕಷ್ಟವನ್ನು ತಪ್ಪಿಸಲು 1983ರಲ್ಲಿ ಪಾಲ್ ಮೋಕಪೆಟ್ರಿಸ್‌ರವರು ಪೋಸ್ಟೆಲ್‌ರವರೊಡಗೂಡಿ ಡೊಮೈನ್ ಹೆಸರುಗಳ ಪದ್ಧತಿಯನ್ನು ರೂಪಿಸಿದರು. ಯಾವುದು ದೇಶ, ಯಾವುದು ದೇಶವಲ್ಲ ಎಂಬ ರಾಜಕೀಯ ವಿವಾದಕ್ಕೆ ಪೋಸ್ಟೆಲ್‌ರವರು ಕೈಹಾಕಲಿಲ್ಲ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಪಟ್ಟಿಯಲ್ಲಿದ್ದ ಎರಡಕ್ಷರದ ಸಂಕೇತಗಳನ್ನೇ ಅಂಗೀಕರಿಸಿದರು. ನಮ್ಮ ಭಾರತಕ್ಕೆ 1989ರಲ್ಲಿ ದೊರೆತ ‘.ಇನ್’ ಎಂಬ ಹೆಸರೂ ಆ ಪಟ್ಟಿಯದೇ. 1994ರ ಮಾರ್ಚಿಯಲ್ಲಿ ಪ್ರಕಟಿಸಿದ ನಿಯಮಾವಳಿಯಲ್ಲಿ, ಹೆಸರನ್ನು ನೋಡಿಕೊಳ್ಳುವವನು ಅದರ ಒಡೆಯನಲ್ಲ, ಧರ್ಮದರ್ಶಿ ಮಾತ್ರವೆಂದೂ, ಅರ್ಜಿದಾರರೆಲ್ಲರನ್ನೂ ಸಮಾನವಾಗಿ ಕಾಣತಕ್ಕದ್ದೆಂದೂ ವಿಧಿಸಿದರು. ದೇವಸ್ಥಾನದ ಹುಂಡಿಯು ಧರ್ಮದರ್ಶಿಯ ಸ್ವಂತ ಗಂಟಲ್ಲವಷ್ಟೆ!

ಆದರೆ ಹೆಸರುಗಳಿಗೆ ಹಣದ ಬೆಲೆ ಬಂದಿತು. ನೋಂದಣಿಯ ಕೆಲಸವನ್ನು ಗುತ್ತಿಗೆ ಹಿಡಿದಿದ್ದ ಖಾಸಗಿ ಕಂಪನಿಯು 1995ರಿಂದ ಹೆಸರೊಂದಕ್ಕೆ ವರ್ಷಕ್ಕೆ 50 ಡಾಲರ್‌ಗಳನ್ನು ವಸೂಲುಮಾಡತೊಡಗಿತು. ಸರ್ಕಾರ, ವರ್ತಕರು, ತಜ್ಞರು ಎಲ್ಲರೂ ಹಕ್ಕು ಹೂಡಿದರು. ಇಂಥ ಸಮಯದಲ್ಲಿ, 1998ರ ಜನವರಿಯಲ್ಲಿ, ಜಾಲದ ಮೂಲ ದಫ್ತರದ ಪ್ರತಿಗಳನ್ನು ನಡೆಸುತ್ತಿದ್ದ 8 ಮಂದಿಗೆ, ಕಂಪನಿಯ ಯಂತ್ರವನ್ನು ಬಿಟ್ಟು ತಮ್ಮ ಯಂತ್ರವನ್ನು ಅನುಸರಿಸುವಂತೆ ಪೋಸ್ಟೆಲ್‌ರವರು ಬರೆದರು. ಅವರು ಮರುಮಾತಿಲ್ಲದೆ ಅನುಸರಿಸಿದರು. ಅಮೆರಿಕಾ ಸರ್ಕಾರವು ಆಕ್ಷೇಪಿಸಲು, ಇದು ಪರೀಕ್ಷೆಯೆಂದು ಸಮಾಧಾನ ಹೇಳಿ ಕೆಲವೇ ದಿನಗಳಲ್ಲಿ ಹಿಂದಕ್ಕೆ ತೆಗೆದುಕೊಂಡರು. ಜಾಲಕ್ಕೆ ಹಾನಿಯಾಗಲಿಲ್ಲ. ಆದರೂ ಒಬ್ಬರ ಪತ್ರದಿಂದ ಇಷ್ಟು ಬದಲಾಗಬಹುದೆಂಬುದು ಲೋಕಕ್ಕೆ ತಿಳಿದುಹೋಯಿತು. ಪತ್ರ ಬರೆದವರು ದುಷ್ಟರಾಗಿದ್ದರೆ ಗತಿಯೇನು?

ಇದನ್ನು ಪೋಸ್ಟೆಲ್‌ರವರೂ ಬಲ್ಲವರಾಗಿದ್ದರು. ತಮ್ಮ ಅಧಿಕಾರವನ್ನು ಸಂಸ್ಥೆಯೊಂದಕ್ಕೆ ಒಪ್ಪಿಸುವ ಸಲುವಾಗಿ ಅವರು ಶ್ರಮಿಸಿದುದರ ಫಲವಾಗಿ, ಲಾಭಾಪೇಕ್ಷೆಯಿಲ್ಲದ ಐಕ್ಯಾನ್ ಸಂಸ್ಥೆಯು 1998ರ ಸೆಪ್ಟೆಂಬರ್ 30ರಂದು ಸ್ಥಾಪಿತವಾಯಿತು. ಅಕ್ಟೋಬರ್ 16ರಂದು, ಹೃದಯದ ಶಸ್ತ್ರಚಿಕಿತ್ಸೆಯ ತರುವಾಯ, 55ನೆಯ ವಯಸ್ಸಿನಲ್ಲಿ ಅವರು ಕಾಲವಶರಾದರು. 2016ರಲ್ಲಿ ಅಮೆರಿಕಾ ಸರ್ಕಾರದ ಮೇಲ್ವಿಚಾರಣೆಯೂ ಕೊನೆಗೊಂಡಿತು.

ಐಕ್ಯಾನ್ ನಿರ್ದೋಷವೆಂದು ನಾವು ಹೇಳುವುದಿಲ್ಲ. ಆದರೆ ಸಾರ್ವಜನಿಕರ ಆಕ್ಷೇಪಣೆಯನ್ನು ಕೇಳಬೇಕೆಂಬ ನಿಯಮವು ವ್ಯರ್ಥವಾಗಿಲ್ಲ. ಪರೋಪಕಾರ ಸಂಘಗಳು ಬಹುವಾಗಿ ಬಳಸುವ ‘.ಆರ್ಗ್’ ಹೆಸರಿನ ಆಡಳಿತವನ್ನು ಖಾಸಗಿ ಬಂಡವಾಳಗಾರರಿಗೆ ಮಾರುವ ಪ್ರಸ್ತಾಪವು, ಲೋಕವೆಲ್ಲ ಕೂಗೆಬ್ಬಿಸಿದ ಮೇಲೆ, 2020ರ ಏಪ್ರಿಲ್‌ನಲ್ಲಿ ನಿರಾಕೃತವಾಯಿತು. ಸತ್ಪುರುಷರು ಯಾವಾಗಲೂ ದೊರೆಯುವುದಿಲ್ಲ, ದೊರೆತವರೂ ಚಿರಂಜೀವಿಗಳಲ್ಲ. ಅವರ ನ್ಯಾಯಬುದ್ಧಿಯು ಅವರೊಡನೆ ಅಳಿಯದಂತೆ ಮಾಡುವುದು ಬಾಗಿಲು ತೆರೆದು ನಡೆಸಿದ ವಿಚಾರಣೆ, ಕಾರಣ ಬರೆದು ಕೊಟ್ಟ ತೀರ್ಮಾನ ಇವೇ. ಹೆಸರುಗಳ ಆಡಳಿತಕ್ಕೆ ಸಲ್ಲುವ ಈ ಮಾತು ನಮ್ಮ ಪುರಸಭೆಗಳಿಗೂ ಕಚೇರಿಗಳಿಗೂ ಸಲ್ಲತಕ್ಕದ್ದು.