ಲಕ್ಷ್ಮಣರಾವ್ ಕಿರ್ಲೋಸ್ಕರ್

ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ್ (ಜೂನ್ 20, 1869 – ಸೆಪ್ಟೆಂಬರ್ 26, 1956) ಭಾರತದ ಯಂತ್ರೋದ್ಯಮದ ಮೊದಲ ತಲೆಮಾರಿನ ಉದ್ಯಮಿಗಳಲ್ಲಿ ಒಬ್ಬರು. ಕಿರ್ಲೋಸ್ಕರ್ ಉದ್ಯಮ ಸಮೂಹದ ಸ್ಥಾಪಕರು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಇವರು ಚಿತ್ರಕಲಾ ವಿದ್ಯಾರ್ಥಿಯಾಗಿ ಮುಂಬಯಿಗೆ ಹೋದರು. ಅಲ್ಲಿ ಯಂತ್ರರೇಖಾಚಿತ್ರದ ಅಧ್ಯಾಪಕರಾದರು. ಬಳಿಕ ಬೆಳಗಾವಿಗೆ ಹಿಂದಿರುಗಿ ಮೇವು ಕತ್ತರಿಸುವ ಯಂತ್ರ ಮತ್ತು ಕಬ್ಬಿಣದ ನೇಗಿಲುಗಳ ತಯಾರಿಕೆಯನ್ನು ಕೈಗೊಂಡರು. 1910ರಲ್ಲಿ ಇವರು ಸ್ಥಾಪಿಸಿದ ಕಿರ್ಲೋಸ್ಕರವಾಡಿಯು ದೇಶದ ಆರಂಭದ ಕೈಗಾರಿಕಾ ಪಟ್ಟಣಗಳಲ್ಲಿ ಒಂದಾಗಿದೆ.

ಜನನ ಮತ್ತು ಮನೆತನ

ಲಕ್ಷ್ಮಣರಾಯರ ತಂದೆ ಕಾಶಿನಾಥಪಂತರು ವೇದಾಂತದಲ್ಲಿ ಪಾಂಡಿತ್ಯವಿದ್ದವರು. ಮನೆಯ ಮಾತು ಮರಾಠಿ, ಊರಿನ ಮಾತು ಕನ್ನಡ. ಮರಾಠಿ ಸಂಗೀತ ನಾಟಕದ ಪ್ರವರ್ತಕರೆಂದು ಹೆಸರಾದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಗುರ್ಲಹೊಸೂರಿನ ಇದೇ ಮನೆತನಕ್ಕೆ ಸೇರಿದವರು. ಹೀಗೆ ಮಲಪ್ರಭೆಯ ಸೀಮೆಯ ಒಂದೇ ಊರು ರಂಗಭೂಮಿಗೂ ಯಂತ್ರೋದ್ಯಮಕ್ಕೂ ಒಬ್ಬೊಬ್ಬ ಪ್ರವರ್ತಕರನ್ನು ನೀಡಿತು. ವಿದ್ಯೆಯೇ ಆಸ್ತಿಯಾಗಿದ್ದ ಇಂತಹ ಕುಟುಂಬದಲ್ಲಿ ಹುಟ್ಟಿದವರು ಓದಿ ಸರಕಾರಿ ನೌಕರಿ ಹಿಡಿಯುವುದು ಅಂದಿನ ರೂಢಿ. ಬಾಲಕ ಲಕ್ಷ್ಮಣನಿಗೆ ಮಾತ್ರ ಶಾಲೆಯ ಪಾಠಗಳಿಗಿಂತ ಚಿತ್ರ ಬರೆಯುವುದರಲ್ಲಿಯೂ ಯಂತ್ರಗಳ ರಚನೆಯನ್ನು ಅರಿಯುವುದರಲ್ಲಿಯೂ ಹೆಚ್ಚಿನ ಆಸಕ್ತಿಯಿತ್ತು.

ಶಿಕ್ಷಣ ಮತ್ತು ಅಧ್ಯಾಪನ

1885ರಲ್ಲಿ ಲಕ್ಷ್ಮಣರಾಯರು ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಎರಡು ವರ್ಷಗಳ ಅಭ್ಯಾಸದ ನಂತರ ಅವರಿಗೆ ಭಾಗಶಃ ವರ್ಣಾಂಧತೆ ಇರುವುದು ತಿಳಿದುಬಂದಿತು. ಕೆಲವು ಬಣ್ಣಗಳ ವ್ಯತ್ಯಾಸವನ್ನು ಗುರುತಿಸಲಾಗದವರಿಗೆ ವರ್ಣಚಿತ್ರಕಾರರಾಗುವ ಮಾರ್ಗ ಮುಚ್ಚಿದಂತೆಯೇ. ಆದರೆ ಬಣ್ಣದ ಅಗತ್ಯವಿಲ್ಲದ, ಕೇವಲ ಗೆರೆ ಮತ್ತು ಅಳತೆಗಳನ್ನು ಅವಲಂಬಿಸಿದ ಯಂತ್ರರೇಖಾಚಿತ್ರ ಅವರಿಗೆ ತೆರೆದಿತ್ತು. ಅದರಲ್ಲಿ ಪರಿಣತಿ ಪಡೆದು ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಸಹಾಯಕ ಅಧ್ಯಾಪಕರಾಗಿ ನೇಮಕಗೊಂಡರು. ಅಲ್ಲಿದ್ದ ಯಂತ್ರಗಳನ್ನು ಬಿಚ್ಚಿ, ಜೋಡಿಸಿ, ಅವು ನಡೆಯುವ ಬಗೆಯನ್ನು ಸ್ವಂತ ಪರಿಶ್ರಮದಿಂದ ಕಲಿತುಕೊಂಡರು. ಎಂಜಿನಿಯರಿಂಗ್ ಪದವಿ ಅವರಿಗೆ ಇರಲಿಲ್ಲ.

ಕೆಲವು ವರ್ಷಗಳ ಸೇವೆಯ ನಂತರ, ಅವರಿಗೆ ಸಲ್ಲಬೇಕಾಗಿದ್ದ ಬಡ್ತಿಯನ್ನು ಆಂಗ್ಲೋ-ಇಂಡಿಯನ್ ಒಬ್ಬರಿಗೆ ಕೊಡಲಾಯಿತು. ಲಕ್ಷ್ಮಣರಾಯರು ಹುದ್ದೆಯನ್ನು ತ್ಯಜಿಸಿ ಬೆಳಗಾವಿಗೆ ಮರಳಿದರು. ಮುಂದೆ ಅವರು ಬೇರೊಬ್ಬರ ಬಳಿ ನೌಕರಿ ಮಾಡದೆ ಸ್ವಂತ ಉದ್ಯಮವನ್ನೇ ನಡೆಸಿದರು.

ಬೆಳಗಾವಿಯ ಸೈಕಲ್ ಅಂಗಡಿ

ಅಧ್ಯಾಪಕರಾಗಿದ್ದಾಗಲೇ, 1888ರಲ್ಲಿ, ಲಕ್ಷ್ಮಣರಾಯರು ತಮ್ಮ ಅಣ್ಣ ರಾಮಚಂದ್ರರಾಯರ (ರಾಮುಅಣ್ಣ) ಜೊತೆಗೂಡಿ ಬೆಳಗಾವಿಯಲ್ಲಿ ಸೈಕಲ್ ವ್ಯಾಪಾರವನ್ನು ಆರಂಭಿಸಿದ್ದರು. ಇವರು ಮುಂಬಯಿಯಲ್ಲಿ ಸೈಕಲ್ ಕೊಂಡು ಕಳುಹಿಸುವರು. ಅಣ್ಣ ಬೆಳಗಾವಿಯಲ್ಲಿ ಅವನ್ನು ಮಾರುವರು. ಸೈಕಲ್ ಆಗ ಸಾಮಾನ್ಯರ ಕೈಗೆಟುಕದ ವಸ್ತು. ಕೊಂಡವರಿಗೆ ಅದನ್ನು ಓಡಿಸಲೂ ಬರುತ್ತಿರಲಿಲ್ಲ. ಆದುದರಿಂದ ರಾಮುಅಣ್ಣನವರು 15 ರೂಪಾಯಿ ಶುಲ್ಕ ಪಡೆದು ಸವಾರಿಯನ್ನೂ ಕಲಿಸುತ್ತಿದ್ದರು. ಹೊಸ ವಸ್ತುವನ್ನು ಮಾರುವವನು ಅದರ ಬಳಕೆಯನ್ನೂ ಕಲಿಸಬೇಕೆಂಬ ಈ ಪದ್ಧತಿ ಮುಂದೆ ನೇಗಿಲಿನ ವ್ಯಾಪಾರದಲ್ಲಿ ಸಹೋದರರಿಗೆ ನೆರವಾಯಿತು. ಬೆಳಗಾವಿಯ ಕಿರ್ಲೋಸ್ಕರ್ ರಸ್ತೆ ಇಂದಿಗೂ ಈ ಕುಟುಂಬದ ಹೆಸರನ್ನು ಉಳಿಸಿಕೊಂಡಿದೆ.

ಮೇವು ಕತ್ತರಿಸುವ ಯಂತ್ರ ಮತ್ತು ಕಬ್ಬಿಣದ ನೇಗಿಲು

ಬೆಳಗಾವಿಗೆ ಮರಳಿದ ಲಕ್ಷ್ಮಣರಾಯರು ಸಣ್ಣ ಯಂತ್ರಾಗಾರವೊಂದನ್ನು ತೆರೆದರು. ಅಲ್ಲಿ ತಯಾರಾದ ಮೊದಲ ಸರಕು ಮೇವು ಕತ್ತರಿಸುವ ಯಂತ್ರ. ಜೋಳದ ಕಣಿಕೆಯನ್ನು ಇಡಿಯಾಗಿ ಹಾಕಿದರೆ ದನಗಳು ಎಲೆಯನ್ನು ತಿಂದು ದಂಟನ್ನು ತುಳಿದು ಕೆಡಿಸುತ್ತವೆ. ಸಣ್ಣದಾಗಿ ಕತ್ತರಿಸಿ ಹಾಕಿದರೆ ದಂಟೂ ಉಪಯೋಗಕ್ಕೆ ಬರುತ್ತದೆ. ಬರಗಾಲ ಮೇಲಿಂದ ಮೇಲೆ ಬರುತ್ತಿದ್ದ ಸೀಮೆಯಲ್ಲಿ ಇದು ಸಣ್ಣ ಪ್ರಯೋಜನವಲ್ಲ.

ಎರಡನೆಯ ಸರಕು ಕಬ್ಬಿಣದ ನೇಗಿಲು. ರೂಢಿಯಲ್ಲಿದ್ದ ಮರದ ನೇಗಿಲು ಮಣ್ಣನ್ನು ಸೀಳುತ್ತಿತ್ತೇ ಹೊರತು ಮಗುಚುತ್ತಿರಲಿಲ್ಲ. ಕಬ್ಬಿಣದ ನೇಗಿಲಿನಲ್ಲಿ ಕುಳದ ಹಿಂದೆ ಬಾಗಿದ ರೆಕ್ಕೆಯೊಂದಿದ್ದು, ಅದು ಕೆಳಗಿನ ಮಣ್ಣನ್ನು ಎತ್ತಿ ಪಕ್ಕಕ್ಕೆ ತಿರುವಿಹಾಕುತ್ತದೆ. ಇದರಿಂದ ಕಳೆಯ ಬೇರು ಮೇಲೆ ಬಂದು ಬಿಸಿಲಿಗೆ ಒಣಗುತ್ತದೆ, ಮಳೆಯ ನೀರು ಆಳಕ್ಕೆ ಇಳಿಯುತ್ತದೆ. ಆಗ ದೊರೆಯುತ್ತಿದ್ದ ಇಂತಹ ನೇಗಿಲುಗಳು ವಿದೇಶಗಳಿಂದ ಬರುತ್ತಿದ್ದವು. ಇಲ್ಲಿನ ಎತ್ತು ಮತ್ತು ಇಲ್ಲಿನ ಮಣ್ಣಿಗೆ ಹೊಂದುವ ನೇಗಿಲನ್ನು ಇಲ್ಲಿಯೇ ಮಾಡುವುದು ಲಕ್ಷ್ಮಣರಾಯರ ಉದ್ದೇಶವಾಗಿತ್ತು.

ನೇಗಿಲು ಸಿದ್ಧವಾದರೂ ಕೊಳ್ಳುವವರಿರಲಿಲ್ಲ. ಕಬ್ಬಿಣ ತಗುಲಿದರೆ ಭೂಮಿಗೆ ವಿಷವೇರುತ್ತದೆ ಎಂಬ ನಂಬಿಕೆ ರೈತರಲ್ಲಿ ಬಲವಾಗಿತ್ತು. ಇದನ್ನು ಕೇವಲ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಒಂದು ಹಂಗಾಮು ತಪ್ಪಿದರೆ ವರ್ಷವಿಡೀ ಉಪವಾಸ ಬೀಳುವ ರೈತನಿಗೆ ಪರಿಚಯವಿಲ್ಲದ ಉಪಕರಣವನ್ನು ಹೊಲಕ್ಕೆ ಇಳಿಸುವುದು ದೊಡ್ಡ ಸಾಹಸವೇ ಆಗಿತ್ತು. ಮೊದಲ ನೇಗಿಲು ಮಾರಾಟವಾಗಲು ಲಕ್ಷ್ಮಣರಾಯರು ಎರಡು ವರ್ಷ ಕಾಯಬೇಕಾಯಿತು. ಉತ್ತು ನೋಡಿದವರ ಬೆಳೆಯೇ ಕೊನೆಗೆ ಉಳಿದವರ ಸಂಶಯವನ್ನು ಹೋಗಲಾಡಿಸಿತು.

ಬೆಳಗಾವಿಯಿಂದ ನಿರ್ಗಮನ

ಉದ್ಯಮ ಬೇರೂರುತ್ತಿದ್ದಾಗಲೇ ಬೆಳಗಾವಿಯ ಪುರಸಭೆಯು ಬಡಾವಣೆಯ ವಿಸ್ತರಣೆಗಾಗಿ ಕಾರ್ಖಾನೆಯ ಜಾಗವನ್ನು ತೆರವುಗೊಳಿಸುವಂತೆ ಸೂಚಿಸಿತು. ಯಂತ್ರಗಳನ್ನೂ ನಂಬಿದ ಕೆಲಸಗಾರರನ್ನೂ ಕರೆದುಕೊಂಡು ಹೋಗಲು ಸಹೋದರರಿಗೆ ಬೇರೆ ನೆಲೆ ಇರಲಿಲ್ಲ. ಹೊಸ ಜಾಗವನ್ನು ಕೊಳ್ಳುವಷ್ಟು ಬಂಡವಾಳವೂ ಇರಲಿಲ್ಲ.

ಆ ಸಮಯದಲ್ಲಿ ನೆರವಿಗೆ ಬಂದವರು ಔಂಧ್ ಸಂಸ್ಥಾನದ ಅರಸರಾದ ಭವಾನರಾವ್ (ಬಾಳಾಸಾಹೇಬ) ಪಂತ ಪ್ರತಿನಿಧಿಗಳು. ಸೂರ್ಯನಮಸ್ಕಾರದ ಪ್ರಚಾರಕರೆಂದು ಹೆಸರಾದ ಇವರು ಸ್ವತಃ ಚಿತ್ರಕಾರರು. ಔಂಧ್ ಸಂಸ್ಥಾನದ ಊರುಗಳು ಚದುರಿಹೋಗಿದ್ದವು. ಇಂದಿನ ವಿಜಯಪುರ ಜಿಲ್ಲೆಯ ಗುಣದಾಳವೂ ಅದಕ್ಕೆ ಸೇರಿತ್ತು. ಕುಂಡಲ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಬಂಜರು ಭೂಮಿಯನ್ನೂ 17,000 ರೂಪಾಯಿ ಸಾಲವನ್ನೂ ಅರಸರು ಲಕ್ಷ್ಮಣರಾಯರಿಗೆ ನೀಡಿದರು.

ಕಿರ್ಲೋಸ್ಕರವಾಡಿ

1910ರ ಮಾರ್ಚ್ ತಿಂಗಳಲ್ಲಿ ಕಿರ್ಲೋಸ್ಕರ್ ಸಹೋದರರು ಸುಮಾರು 25 ಮಂದಿ ಕೆಲಸಗಾರರು ಮತ್ತು ಅವರ ಕುಟುಂಬಗಳೊಂದಿಗೆ ಅಲ್ಲಿಗೆ ಬಂದಿಳಿದರು. ಎಲ್ಲೆಡೆ ಪಾಪಾಸುಕಳ್ಳಿ ಬೆಳೆದಿತ್ತು, ಹಾವುಗಳ ಕಾಟವಿತ್ತು. ಕಳ್ಳಿಯನ್ನು ಕಡಿದು ಕಾರ್ಖಾನೆಯನ್ನೂ ವಸತಿಯನ್ನೂ ಒಟ್ಟಿಗೆ ಕಟ್ಟಲಾಯಿತು. ಊರಿನ ಯೋಜನೆ ಮತ್ತು ಆಡಳಿತ ರಾಮುಅಣ್ಣನವರ ಪಾಲಿಗೆ ಬಂದಿತು. ಶಂಭೋರಾವ್ ಜಾಂಭೇಕರ್ ಯಂತ್ರಗಳ ಕೆಲಸವನ್ನೂ ಮಂಗೇಶರಾವ್ ರೇಗೆ ಲೆಕ್ಕಪತ್ರವನ್ನೂ ನೋಡಿಕೊಂಡರು. ಲಕ್ಷ್ಮಣರಾಯರು ಅಸ್ಪೃಶ್ಯತೆಯ ಆಚರಣೆಯನ್ನು ತಮ್ಮ ಊರಿನಲ್ಲಿ ನಿಷೇಧಿಸಿದರು. ಸೆರೆವಾಸ ಮುಗಿಸಿ ಬಂದವರನ್ನೇ ರಾತ್ರಿಯ ಕಾವಲಿಗೆ ನೇಮಿಸಿಕೊಂಡರು.

ಇಂದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಗೆ ಸೇರಿರುವ ಈ ಊರಿನ ರೈಲು ನಿಲ್ದಾಣವೂ ಕಿರ್ಲೋಸ್ಕರವಾಡಿ ಎಂಬ ಹೆಸರನ್ನೇ ಪಡೆದಿದೆ. 1920ರಲ್ಲಿ ಉದ್ಯಮವು ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಎಂಬ ಕಂಪನಿಯಾಯಿತು. ಅದೇ ವರ್ಷ ಲಕ್ಷ್ಮಣರಾಯರ ಸಹೋದರನ ಮಗ ಶಂಕರರಾವ್ ಕಿರ್ಲೋಸ್ಕರ್ ಇಲ್ಲಿಂದ ಪತ್ರಿಕೆಯೊಂದನ್ನು ಆರಂಭಿಸಿದರು. ಕಾರ್ಖಾನೆಯ ಸುದ್ದಿಪತ್ರದಂತೆ ಹುಟ್ಟಿದ ಅದು ಮರಾಠಿಯ ಪ್ರಸಿದ್ಧ ಮಾಸಪತ್ರಿಕೆ ಕಿರ್ಲೋಸ್ಕರ್ ಆಗಿ ಬೆಳೆಯಿತು. ಅದರ ಬೆನ್ನಲ್ಲಿ ಸ್ತ್ರೀ (1930) ಮತ್ತು ಮನೋಹರ (1934) ಪತ್ರಿಕೆಗಳು ಬಂದವು.

ಯುದ್ಧಕಾಲದ ಇಕ್ಕಟ್ಟು

ಮೊದಲ ಮಹಾಯುದ್ಧದ ಕಾಲದಲ್ಲಿ (1914–1918) ವಿದೇಶಿ ನೇಗಿಲುಗಳ ಆಮದು ಕುಗ್ಗಿ ಕಿರ್ಲೋಸ್ಕರ್ ನೇಗಿಲಿಗೆ ಬೇಡಿಕೆ ಹೆಚ್ಚಿತು. ಆದರೆ ಕಚ್ಚಾ ಕಬ್ಬಿಣ, ಕಲ್ಲಿದ್ದಲು ಮತ್ತು ಬಣ್ಣ ದೊರೆಯುವುದು ದುರ್ಲಭವಾಯಿತು. ಆಗ ಕೊಲ್ಲಾಪುರದ ಶಾಹು ಮಹಾರಾಜರು ತಮ್ಮ ಸಂಸ್ಥಾನದಲ್ಲಿ ಉಪಯೋಗವಿಲ್ಲದೆ ಬಿದ್ದಿದ್ದ ಹಳೆಯ ತೋಪುಗಳನ್ನು ಕಾರ್ಖಾನೆಗೆ ಒದಗಿಸಿದರು. ಯುದ್ಧದ ಸಾಧನಗಳು ಕುಲುಮೆಯಲ್ಲಿ ಕರಗಿ ಉಳುಮೆಯ ಸಾಧನಗಳಾದವು.

ಪ್ರಮುಖ ತಯಾರಿಕೆಗಳು

ಲಕ್ಷ್ಮಣರಾಯರ ಜೀವಿತಕಾಲದಲ್ಲಿ ಸಂಸ್ಥೆಯು ತಯಾರಿಸಿದ ಮುಖ್ಯ ಯಂತ್ರೋಪಕರಣಗಳು:

- ಮೇವು ಕತ್ತರಿಸುವ ಯಂತ್ರ: ಕೈಯಿಂದ ತಿರುಗಿಸುವ ಚಕ್ರಕ್ಕೆ ಅಲಗುಗಳನ್ನು ಜೋಡಿಸಿದ ಸಾಧನ.
- ಕಬ್ಬಿಣದ ನೇಗಿಲು: ಸಂಸ್ಥೆಗೆ ಹೆಸರು ತಂದ ತಯಾರಿಕೆ. ಸವೆದ ಕುಳವನ್ನಷ್ಟೇ ಬದಲಿಸಬಹುದಾಗಿದ್ದುದು ಇದರ ಅನುಕೂಲ.
- ಕಬ್ಬಿನ ಗಾಣ: ಮರದ ಗಾಣದ ಬದಲು ಕಬ್ಬಿಣದ ಉರುಳೆಗಳನ್ನು ಬಳಸಿ ಹೆಚ್ಚು ರಸ ತೆಗೆಯುವಂಥದು. ಬೆಲ್ಲ ತಯಾರಿಸುವ ರೈತರಿಗೆ ಉಪಯುಕ್ತವಾಯಿತು.
- ಶೇಂಗಾ ಒಡೆಯುವ ಯಂತ್ರ: ಕಾಯಿಯ ಸಿಪ್ಪೆಯನ್ನು ಬೇರ್ಪಡಿಸಿ ಕಾಳನ್ನು ಕೊಡುವ ಸಾಧನ.
- ನೀರೆತ್ತುವ ಪಂಪು: ಮೊದಲು ಕೈಪಂಪು, 1926ರಿಂದ ತಿರುಗುವ ಚಕ್ರದ ಬಲದಿಂದ ನೀರೆತ್ತುವ ಕೇಂದ್ರಾಪಗಾಮಿ ಪಂಪು.
- ಲೇತ್ ಯಂತ್ರ, ಡೀಸೆಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರು: ಮುಂದಿನ ತಲೆಮಾರು ಕೈಗೊಂಡ ತಯಾರಿಕೆಗಳು.

ಈ ಪಟ್ಟಿಯ ಕ್ರಮದಲ್ಲಿ ಒಂದು ಸಂಬಂಧವಿದೆ. ಮೊದಲಿನ ಸರಕುಗಳೆಲ್ಲ ರೈತನ ಹೊಲ ಮತ್ತು ಕೊಟ್ಟಿಗೆಗೆ ಬೇಕಾದವು. ನೀರೆತ್ತುವ ಪಂಪಿಗೆ ಎಂಜಿನ್ ಅಥವಾ ಮೋಟಾರು ಬೇಕು. ಅವುಗಳ ಬಿಡಿಭಾಗಗಳನ್ನು ಕಡೆಯಲು ಲೇತ್ ಬೇಕು. ಒಂದು ಯಂತ್ರದ ಅಗತ್ಯದಿಂದ ಇನ್ನೊಂದು ಯಂತ್ರದ ತಯಾರಿಕೆ ಹುಟ್ಟುತ್ತ ಹೋಯಿತು.

ಕರ್ನಾಟಕದೊಂದಿಗಿನ ನಂಟು

ಕಾರ್ಖಾನೆ ಬೆಳಗಾವಿಯಿಂದ ಹೊರಟುಹೋದರೂ ಅದರ ಸರಕುಗಳು ಕೃಷ್ಣೆ ಮತ್ತು ಭೀಮೆಯ ಸೀಮೆಯಲ್ಲಿ ಬಳಕೆಗೆ ಬಂದವು. ಬಸವನ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳಗಳ ಎರೆ ಭೂಮಿಯಲ್ಲಿ ರೈತರು ಪ್ರತಿವರ್ಷ ಕುಂಟೆ ಹೊಡೆದು ಕೂರಿಗೆಯಿಂದ ಬಿತ್ತುವುದು ವಾಡಿಕೆ. ಆಳದ ಉಳುಮೆ ಅಪರೂಪ. ಆದರೆ ಕರಿಕೆಯಂತಹ ಆಳಬೇರಿನ ಹುಲ್ಲು ಹಬ್ಬಿದ ಹೊಲವನ್ನು ಕುಂಟೆಯಿಂದ ಹಸನು ಮಾಡಲಾಗದು. ಅಂತಹ ಹೊಲಕ್ಕೆ ಹಲವು ಜೋಡಿ ಎತ್ತುಗಳನ್ನು ಹೂಡಿದ ಕಬ್ಬಿಣದ ರೆಂಟೆಯೇ ಬೇಕಾಗುತ್ತಿತ್ತು. ಬಾವಿಯ ನೀರನ್ನು ಕಪಿಲೆಯಿಂದ ಎತ್ತುತ್ತಿದ್ದ ತೋಟಗಳಿಗೆ ಮುಂದೆ ಪಂಪು ಮತ್ತು ಎಂಜಿನ್‌ಗಳು ಬಂದವು.

1941ರಲ್ಲಿ ಮೈಸೂರು ಸಂಸ್ಥಾನದ ಹರಿಹರದಲ್ಲಿ, ತುಂಗಭದ್ರೆಯ ದಡದಲ್ಲಿ, ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಯಿತು. ಅದರ ಲೇತ್ ಯಂತ್ರಗಳು ಹರಿಹರದ ಹೆಸರನ್ನು ದೇಶದ ಯಂತ್ರಾಗಾರಗಳಿಗೆ ಪರಿಚಯಿಸಿದವು. ಮುಂದೆ ಆ ಕಾರ್ಖಾನೆ ಮುಚ್ಚಿಹೋಯಿತು. 1946ರಲ್ಲಿ ಲಕ್ಷ್ಮಣರಾಯರ ಪುತ್ರ ರವಿ ಕಿರ್ಲೋಸ್ಕರ್ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿಯನ್ನು ಸ್ಥಾಪಿಸಿದರು. 1995ರಲ್ಲಿ ಕಿರ್ಲೋಸ್ಕರ್ ಸಮೂಹವು ಜಪಾನಿನ ಟೊಯೊಟಾ ಸಮೂಹದ ಸಹಯೋಗದಲ್ಲಿ ನೂಲುವ ಯಂತ್ರಗಳ ತಯಾರಿಕೆಗಾಗಿ ಕಿರ್ಲೋಸ್ಕರ್ ಟೊಯೊಡಾ ಜವಳಿ ಯಂತ್ರೋಪಕರಣ ಸಂಸ್ಥೆಯನ್ನು ಆರಂಭಿಸಿತು. ಇದರಿಂದ ಸಮೂಹವು ಜವಳಿ ಯಂತ್ರಗಳ ಕ್ಷೇತ್ರವನ್ನೂ ಪ್ರವೇಶಿಸಿತು.

ಕೊನೆಯ ವರ್ಷಗಳು

ಲಕ್ಷ್ಮಣರಾಯರ ಪತ್ನಿ ರಾಧಾಬಾಯಿ. ಹಿರಿಯ ಪುತ್ರ ಶಂತನುರಾವ್ (1903–1994) ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಎಂಜಿನಿಯರಿಂಗ್ ಕಲಿತು 1926ರಲ್ಲಿ ಸ್ವದೇಶಕ್ಕೆ ಮರಳಿದರು. ತಂದೆ ಸ್ವತಃ ಪಡೆಯಲಾಗದ ತಾಂತ್ರಿಕ ಶಿಕ್ಷಣವನ್ನು ಪಡೆದ ಮಗ ಕ್ರಮೇಣ ಉದ್ಯಮದ ಹೊಣೆ ಹೊತ್ತರು. 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಸ್ಥಾಪನೆಯಾಯಿತು.

1948ರಲ್ಲಿ ಮಹಾತ್ಮ ಗಾಂಧೀಜಿಯವರ ಹತ್ಯೆಯ ನಂತರ ದಕ್ಷಿಣ ಮಹಾರಾಷ್ಟ್ರದಲ್ಲಿ ಬ್ರಾಹ್ಮಣರ ವಿರುದ್ಧ ನಡೆದ ಗಲಭೆಗಳಲ್ಲಿ ಕಿರ್ಲೋಸ್ಕರವಾಡಿಯೂ ದಾಳಿಗೆ ಗುರಿಯಾಗಿ ಕಾರ್ಖಾನೆ ಬೆಂಕಿಗೆ ತುತ್ತಾಯಿತು. ಜಾತಿಭೇದವಿಲ್ಲದ ಊರೊಂದನ್ನು ಕಟ್ಟಲು ಶ್ರಮಿಸಿದ ಲಕ್ಷ್ಮಣರಾಯರಿಗೆ ಆಗ ಸುಮಾರು 79 ವರ್ಷ. ಕಾರ್ಖಾನೆ ಮತ್ತೆ ಚೇತರಿಸಿಕೊಂಡು ಕೆಲಸ ಮುಂದುವರಿಸಿತು. 1956ರ ಸೆಪ್ಟೆಂಬರ್ 26ರಂದು ಲಕ್ಷ್ಮಣರಾಯರು ನಿಧನರಾದರು.

ಸ್ಮರಣೆ

1969ರಲ್ಲಿ, ಲಕ್ಷ್ಮಣರಾಯರ ಜನ್ಮಶತಾಬ್ದಿಯ ಸಂದರ್ಭದಲ್ಲಿ, ಭಾರತೀಯ ಅಂಚೆ ಇಲಾಖೆಯು ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು. ಕಿರ್ಲೋಸ್ಕರವಾಡಿಯ ಕಾರ್ಖಾನೆಯಲ್ಲಿ ಇಂದಿಗೂ ಪಂಪುಗಳ ತಯಾರಿಕೆ ನಡೆದಿದೆ.