ಡಾ. ದ್ವಾರಕಾನಾಥ ಕೋಟ್ನೀಸ

ಮಕ್ಕಳೇ, ದುಧನಿಯಿಂದ ರೈಲು ಹತ್ತಿ ಸೊಲ್ಲಾಪುರಕ್ಕೆ ಹೋಗಿ, ಅಲ್ಲಿಯ ದವಾಖಾನೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದವರನ್ನು ನೀವು ನೋಡಿರಬಹುದು. ಹೊಲಿಗೆ ಹಾಕಿದೊಡನೆ ವೈದ್ಯರ ಕೆಲಸ ಮುಗಿಯಿತೆಂದು ತಿಳಿಯಬೇಡಿರಿ. ರೋಗಿಗೆ ಜ್ವರ ಬಂದಿದೆಯೇ, ನಾಡಿ ಸರಿಯಾಗಿ ಬಡಿಯುತ್ತಿದೆಯೇ, ಗಾಯದಲ್ಲಿ ಕೀವಾಗಿದೆಯೇ ಎಂದು ಹಲವು ದಿನ ನೋಡುತ್ತಲೇ ಇರಬೇಕು. ಈಗ ಕೆಲವು ದೊಡ್ಡ ಆಸ್ಪತ್ರೆಗಳು ರೋಗಿ ಮನೆಗೆ ಹೋದ ಮೇಲೂ ದೂರದಿಂದ ನಿಗಾ ಇಡುತ್ತವೆ. ಬೆರಳಿಗೆ ಸಿಕ್ಕಿಸಿದ ಅಥವಾ ಎದೆಗೆ ಅಂಟಿಸಿದ ಪುಟ್ಟ ಉಪಕರಣವು ನಾಡಿಯ ಬಡಿತವನ್ನು ಅಳೆಯುತ್ತದೆ. ಆ ಅಂಕಿಗಳು ಮೊಬೈಲ್ ಫೋನಿನ ಮೂಲಕ ವೈದ್ಯರಿಗೆ ತಲುಪುತ್ತವೆ.

ಇಂಥ ಉಪಕರಣಗಳು ಇಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರು? ವೈದ್ಯರೋ ದಾದಿಯರೋ ರೋಗಿಯ ಹತ್ತಿರವೇ ಇರಬೇಕಾಗುತ್ತಿತ್ತು. ಹಾಗೆ ಗಾಯಾಳುಗಳ ಹತ್ತಿರವೇ ಉಳಿದವರು ಡಾ. ದ್ವಾರಕಾನಾಥ ಕೋಟ್ನೀಸ. ಅವರು ನಮ್ಮ ಜಿಲ್ಲೆಯವರು.

ದ್ವಾರಕಾನಾಥರು 1910ನೆಯ ಇಸವಿ ಅಕ್ಟೋಬರ್ 10ರಂದು ಸೊಲ್ಲಾಪುರದಲ್ಲಿ ಹುಟ್ಟಿದರು. ತಂದೆಯ ಹೆಸರು ಶಾಂತಾರಾಮ. ಮನೆ ಸಿರಿವಂತರದಲ್ಲ. ಆದರೂ ಮಗ ಮುಂಬಯಿಗೆ ಹೋಗಿ ವೈದ್ಯಕೀಯ ಕಲಿತನು, ಸೇಠ್ ಜಿ. ಎಸ್. ವೈದ್ಯಕೀಯ ಮಹಾವಿದ್ಯಾಲಯದಿಂದ ಪದವಿ ಪಡೆದನು.

1937ರಲ್ಲಿ ಜಪಾನ್ ಚೀನದ ಮೇಲೆ ದಂಡೆತ್ತಿ ಹೋಯಿತು. ಚೀನದಲ್ಲಿ ಗಾಯಗೊಂಡವರು ಲೆಕ್ಕವಿಲ್ಲ, ವೈದ್ಯರು ಮಾತ್ರ ಬಹಳ ಕಡಿಮೆ. ಚೀನದ ಸೇನಾಪತಿ ಝೂ ದೆ ಅವರು ಜವಾಹರಲಾಲ ನೆಹರೂ ಅವರಿಗೆ ಪತ್ರ ಬರೆದು ನೆರವು ಕೇಳಿದರು. ಆಗ ನಮ್ಮ ದೇಶಕ್ಕೇ ಸ್ವಾತಂತ್ರ್ಯ ಬಂದಿರಲಿಲ್ಲ. ಆದರೂ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ಜನರಿಂದ ಹಣ ಕೂಡಿಸಿದರು. 1938ರ ಸೆಪ್ಟೆಂಬರ್ 1ರಂದು ಐದು ಜನ ವೈದ್ಯರ ತಂಡವು ಮುಂಬಯಿಯಿಂದ ಹಡಗಿನಲ್ಲಿ ಹೊರಟಿತು. ಅಟಲ್, ಚೋಳಕರ್, ಬಸು, ಮುಖರ್ಜಿ ಮತ್ತು ಕೋಟ್ನೀಸ ಆ ಐವರು. ಕೋಟ್ನೀಸರಿಗೆ ಆಗ ಇನ್ನೂ 28 ತುಂಬಿರಲಿಲ್ಲ.

ಚೀನಕ್ಕೆ ಹೋದ ಮೇಲೆ ಅವರಿಗೆ ತಂದೆ ತೀರಿಕೊಂಡ ಸುದ್ದಿ ಬಂತು. ಸಾವಿರಾರು ಮೈಲು ದೂರದಲ್ಲಿ, ಗುರುತಿನವರಿಲ್ಲದ ನಾಡಿನಲ್ಲಿ ಇಂಥ ಸುದ್ದಿ ಕೇಳಿದರೆ ಯಾರ ಮನಸ್ಸಾದರೂ ಊರಿನ ಕಡೆ ಎಳೆಯುತ್ತದೆ. ಕೋಟ್ನೀಸರು ಮಾತ್ರ ಹಿಂದಿರುಗಲಿಲ್ಲ. 1939ರ ಫೆಬ್ರವರಿಯಲ್ಲಿ ತಂಡವು ಯೆನಾನ್ ಎಂಬ ಊರನ್ನು ಸೇರಿತು. ಮುಂದೆ ಜೊತೆಯವರು ಒಬ್ಬೊಬ್ಬರಾಗಿ ಭಾರತಕ್ಕೆ ಮರಳಿದರು. ಕೋಟ್ನೀಸರು ಕಾಳಗ ನಡೆಯುತ್ತಿದ್ದ ಉತ್ತರ ಚೀನದ ಬೆಟ್ಟಗಾಡಿಗೆ ಹೋದರು.

ಅಲ್ಲಿ ಅವರಿಗಿಂತ ಮೊದಲು ಕೆಲಸ ಮಾಡಿದವರು ಕೆನಡಾ ದೇಶದ ಡಾ. ನಾರ್ಮನ್ ಬೆಥೂನ್. ಗಾಯಾಳುಗಳು ತಮ್ಮ ಬಳಿಗೆ ಬರಲೆಂದು ವೈದ್ಯರು ಕಾಯಬಾರದು, ತಾವೇ ಅವರಿದ್ದಲ್ಲಿಗೆ ಹೋಗಬೇಕು ಎಂಬುದು ಅವರ ನಿಲುವು. ಒಮ್ಮೆ ಶಸ್ತ್ರಚಿಕಿತ್ಸೆ ಮಾಡುವಾಗ ಅವರ ಬೆರಳು ಕೊಯ್ದುಕೊಂಡಿತು. ಚಿಕ್ಕ ಗಾಯವೇ! ಆದರೆ ಅದರಿಂದ ರೋಗಾಣುಗಳು ರಕ್ತಕ್ಕೆ ಸೇರಿ ನಂಜೇರಿತು. 1939ರ ನವೆಂಬರ್‌ನಲ್ಲಿ ಅವರು ತೀರಿಕೊಂಡರು. ನಂಜನ್ನು ತಡೆಯುವ ಪೆನಿಸಿಲಿನ್ ಔಷಧಿ ಆಗ ಇನ್ನೂ ಬಳಕೆಗೆ ಬಂದಿರಲಿಲ್ಲ. ವೈದ್ಯರ ಬೆರಳಿನ ಗಾಯವೇ ಹೀಗಾದರೆ, ಗುಂಡು ತಗಲಿದ ಸೈನಿಕರ ಗಾಯ ಹೇಗಿರಬೇಡ! ಅದಕ್ಕಾಗಿಯೇ ಶಸ್ತ್ರಚಿಕಿತ್ಸೆಯ ನಂತರ ಗಾಯವನ್ನು ಮತ್ತೆ ಮತ್ತೆ ನೋಡಬೇಕು, ಪಟ್ಟಿ ಬದಲಿಸಬೇಕು, ಮೈ ಬಿಸಿಯಾಗಿದೆಯೇ ಎಂದು ಪರೀಕ್ಷಿಸಬೇಕು.

1940ರ ಒಂದು ಕಾಳಗದಲ್ಲಿ 13 ದಿನಗಳೊಳಗೆ 800ಕ್ಕೂ ಹೆಚ್ಚು ಗಾಯಾಳುಗಳು ಕೋಟ್ನೀಸರ ಬಳಿಗೆ ಬಂದರು. ಒಮ್ಮೆಯಂತೂ ಅವರು ನಿದ್ದೆಯಿಲ್ಲದೆ 72 ತಾಸು ಶಸ್ತ್ರಚಿಕಿತ್ಸೆ ಮಾಡಿದರು. 72 ತಾಸು ಎಂದರೆ ಮೂರು ಹಗಲು, ಮೂರು ರಾತ್ರಿ. 1941ರಲ್ಲಿ ಅವರನ್ನು ಬೆಥೂನರ ಹೆಸರಿನ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಮುಖ್ಯಸ್ಥರನ್ನಾಗಿ ನೇಮಿಸಿದರು. ಅವರು ಚೀನೀ ಭಾಷೆ ಕಲಿತಿದ್ದರು. ತಾನೊಬ್ಬನೇ ಎಷ್ಟು ಗಾಯಾಳುಗಳನ್ನು ನೋಡಿಕೊಳ್ಳಬಲ್ಲೆ? ಆದುದರಿಂದ ಅಲ್ಲಿಯ ತರುಣರಿಗೆ ಆ ಭಾಷೆಯಲ್ಲಿಯೇ ವೈದ್ಯಕೀಯ ಕಲಿಸಿದರು. ಶಸ್ತ್ರಚಿಕಿತ್ಸೆಯ ಬಗ್ಗೆ ಪಾಠಪುಸ್ತಕ ಬರೆಯತೊಡಗಿದರು.

ಗುವೊ ಚಿಂಗ್‌ಲಾನ್ ಎಂಬ ದಾದಿಯನ್ನು ಅವರು ಮದುವೆಯಾದರು. 1942ರಲ್ಲಿ ಗಂಡು ಮಗು ಹುಟ್ಟಿತು. ಮಗುವಿಗೆ ಯಿನ್‌ಹುವಾ ಎಂದು ಹೆಸರಿಟ್ಟರು. ಯಿನ್ ಎಂದರೆ ಭಾರತ, ಹುವಾ ಎಂದರೆ ಚೀನ.

ಅಷ್ಟರಲ್ಲಿ ಕೋಟ್ನೀಸರಿಗೇ ಮೂರ್ಛೆರೋಗ ಅಂಟಿಕೊಂಡಿತ್ತು. ಇತರರ ನಾಡಿ ಹಿಡಿದು ನೋಡುತ್ತಿದ್ದವರು ತಮ್ಮ ದೇಹಕ್ಕೆ ವಿಶ್ರಾಂತಿ ಕೊಡಲಿಲ್ಲ. 1942ರ ಡಿಸೆಂಬರ್ 9ರಂದು, 32ನೆಯ ವಯಸ್ಸಿನಲ್ಲಿ, ಅವರು ಕೊನೆಯುಸಿರೆಳೆದರು. ಮಗುವಿಗೆ ಆಗ ನಾಲ್ಕು ತಿಂಗಳೂ ತುಂಬಿರಲಿಲ್ಲ.

ವ್ಹಿ. ಶಾಂತಾರಾಮ ಅವರು 1946ರಲ್ಲಿ ಕೋಟ್ನೀಸರ ಬಾಳಿನ ಬಗ್ಗೆ ಹಿಂದಿ ಚಲನಚಿತ್ರ ತೆಗೆದರು. ಚೀನದ ಶಿಜಿಯಾಝುವಾಂಗ್ ನಗರದಲ್ಲಿ ಅವರ ಸಮಾಧಿಯಿದೆ. ಗುವೊ ಚಿಂಗ್‌ಲಾನ್ ಅವರು ಗಂಡನ ನಾಡನ್ನು ನೋಡಲು ಹಲವು ಸಲ ಭಾರತಕ್ಕೆ ಬಂದರು. ದ್ವಾರಕಾನಾಥರು ಬಾಲ್ಯ ಕಳೆದ ಸೊಲ್ಲಾಪುರದ ಮನೆ ಈಗ ಸ್ಮಾರಕವಾಗಿದೆ. ನೀವು ಸೊಲ್ಲಾಪುರಕ್ಕೆ ಹೋದಾಗ ಅದನ್ನು ನೋಡಿ ಬನ್ನಿರಿ.