ಡಾ. ಲೆಸ್ಲಿ ಕೋಲ್ಮನ್

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಕೆ ಬೆಳೆಗಾರರಿಗೆ ಮಳೆಗಾಲವು ಭರವಸೆಯನ್ನೂ ಭಯವನ್ನೂ ಒಟ್ಟಿಗೆ ತರುತ್ತದೆ. ಎಡೆಬಿಡದ ಮಳೆಯೊಡನೆ ಕೊಳೆರೋಗ ಹಬ್ಬಿದರೆ ವರ್ಷದ ಫಸಲು ಎಳೆಗಾಯಿಯಾಗಿಯೇ ನೆಲಕ್ಕುದುರುತ್ತದೆ. ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆನೀರು ತಾಗದಂತೆ ಕಾಪಾಡುವುದು ಹಿಂದಿನವರ ವಾಡಿಕೆಯಾಗಿತ್ತು. ಈ ರೋಗದ ಮೂಲವನ್ನು ಶಾಸ್ತ್ರೀಯವಾಗಿ ಶೋಧಿಸಿ, ಮಲೆನಾಡಿನ ತೋಟಗಳಿಗೆ ಬೋರ್ಡೋ ದ್ರಾವಣವನ್ನು ಪರಿಚಯಿಸಿದವರು ಡಾ. ಲೆಸ್ಲಿ ಕೋಲ್ಮನ್ನರು.

ಕೋಲ್ಮನ್ನರು 1878ರಲ್ಲಿ ಕೆನಡಾ ದೇಶದ ಒಂಟಾರಿಯೊ ಪ್ರಾಂತದಲ್ಲಿ ಜನಿಸಿದರು. ಟೊರಾಂಟೊದಲ್ಲಿ ವ್ಯಾಸಂಗ ಮಾಡಿ, ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪದವಿ ಪಡೆದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, ಸಸ್ಯರೋಗ ಮತ್ತು ಕೀಟಗಳ ಅಧ್ಯಯನದಲ್ಲಿ ತೊಡಗಿದರು.

ಪೀಡೆಗೂ ಹವಾಮಾನಕ್ಕೂ ಇರುವ ನಂಟನ್ನು ಅರಿತರೆ ಪರಿಹಾರದ ದಾರಿ ತೋರುವುದೆಂಬುದು ಅವರ ಕಾರ್ಯದಿಂದ ಸ್ಪಷ್ಟವಾಯಿತು. ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವು ಮಳೆಹನಿಗಳೊಡನೆ ಹರಡುತ್ತದೆ. ಆದ್ದರಿಂದ ಮಳೆ ಹಿಡಿಯುವ ಮುನ್ನವೇ ಮೈಲುತುತ್ತ ಹಾಗೂ ಸುಣ್ಣದ ದ್ರಾವಣವನ್ನು ಕೊನೆಗಳಿಗೆ ಸಿಂಪಡಿಸಬೇಕು. ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಶಿರಸಿ ಸೀಮೆಯಲ್ಲಿಯೂ ಈ ಕ್ರಮ ಕಾಲಾನುಕ್ರಮದಲ್ಲಿ ನೆಲೆಯೂರಿತು.

ಬಯಲುಸೀಮೆಯ ಜೋಳವನ್ನು ತಿನ್ನುತ್ತಿದ್ದ ಮಿಡತೆಯನ್ನೂ ಅವರು ಇದೇ ದೃಷ್ಟಿಯಿಂದ ಪರಿಶೀಲಿಸಿದರು. ಅದರ ಮೊಟ್ಟೆಗಳು ಬೇಸಗೆಯನ್ನೆಲ್ಲ ಮಣ್ಣಿನೊಳಗೆ ಕಳೆದು, ಮುಂಗಾರಿನ ತೇವಕ್ಕೆ ಒಡೆಯುತ್ತವೆ. ಹಾರಲಾರದ ಈ ಮಿಡತೆಯನ್ನು ಮರಿಯಾಗಿರುವಾಗಲೇ ಹಿಡಿದು ನಾಶಪಡಿಸುವುದು ಸುಲಭ. ವಿಜ್ಞಾನಿಗಳು ಈ ಕೀಟಕ್ಕೆ ಕೋಲ್ಮೇನಿಯ ಎಂದು ಅವರ ಹೆಸರನ್ನೇ ಇಟ್ಟರು. ಹೊರನಾಡಿನಿಂದ ಬಂದು ಕಾಫಿತೋಟಗಳಲ್ಲಿ ನೆಲೆಗೊಂಡ ಹಸುರು ಶಲ್ಕಕೀಟವನ್ನು ಕುಂಞಿಕಣ್ಣನ್ನರೊಡನೆ ಅಭ್ಯಸಿಸಿ, 1918ರಲ್ಲಿ ವರದಿಯನ್ನು ಪ್ರಕಟಿಸಿದರು. ತೇವದ ಹವೆಯಲ್ಲಿ ಬೆಳೆಯುವ ಒಂದು ಬಿಳಿ ಶಿಲೀಂಧ್ರವೇ ಆ ಕೀಟಕ್ಕೆ ಮೃತ್ಯುವಾಗುತ್ತದೆ. ಅಡಕೆಗೆ ಕೇಡು ತರುವ ಮಳೆಗಾಲ ಕಾಫಿಗೆ ಈ ಬಗೆಯಲ್ಲಿ ನೆರವಾಗುತ್ತದೆ.

ಕೃಷಿ ಇಲಾಖೆಯ ನಿರ್ದೇಶಕರಾಗಿ ಕೋಲ್ಮನ್ನರು ಸಂಸ್ಥೆಗಳನ್ನೂ ಕಟ್ಟಿದರು. 1913ರಲ್ಲಿ ಹೆಬ್ಬಾಳದ ಕೃಷಿಶಾಲೆಯೂ 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರವೂ ಆರಂಭವಾದವು. 1934ರಲ್ಲಿ ನಿವೃತ್ತರಾದ ಅವರು 1954ರಲ್ಲಿ ಕೆನಡಾದಲ್ಲಿ ನಿಧನ ಹೊಂದಿದರು.

ಪರದೇಶದ ಕೀಟಗಳ ಆಗಮನ ಇಂದಿಗೂ ನಿಂತಿಲ್ಲ. ಅಮೆರಿಕ ಮೂಲದ ಫಾಲ್ ಸೈನಿಕ ಹುಳುವು ಭಾರತದಲ್ಲಿ ಮೊದಲು ಗೋಚರಿಸಿದ್ದು 2018ರಲ್ಲಿ, ಸಿದ್ದಾಪುರಕ್ಕೆ ನೆರೆಯ ಶಿವಮೊಗ್ಗ ಜಿಲ್ಲೆಯ ಮುಸುಕಿನ ಜೋಳದ ಹೊಲಗಳಲ್ಲಿ. ಕೆಲವು ಕೀಟಗಳು ಕೆಲವೇ ತಲೆಮಾರುಗಳಲ್ಲಿ ತಮ್ಮ ದೇಹಗುಣವನ್ನೇ ಬದಲಿಸಿಕೊಂಡು ಹೊಸ ಹವೆಗೆ ಒಗ್ಗುತ್ತವೆಂದು ಈಗ ತಿಳಿದುಬಂದಿದೆ. ಶತ್ರು ಹೀಗೆ ಬದಲಾಗುತ್ತಿರುವಾಗ ಹಳೆಯ ಔಷಧವೊಂದನ್ನೇ ನಂಬಿ ಕುಳಿತರೆ ಸಾಲದು. ತೋಟಕ್ಕಿಳಿದು, ಋತುವನ್ನೂ ಜೀವಿಯನ್ನೂ ಒಟ್ಟಿಗೆ ಗಮನಿಸುವ ಕೋಲ್ಮನ್ನರ ಮಾರ್ಗವೇ ರೈತನಿಗೂ ವಿಜ್ಞಾನಿಗೂ ಇಂದಿಗೂ ಆಸರೆಯಾಗಿದೆ.